ಹೆಸರಿಲ್ಲದ ಗಿಡಗಳ ನಡುವೆ ಲಿನೇಯಸ್

ಹಳೆಯ ಮನೆ ಕೊಂಡವರಿಗೆ ಮನೆಯ ಜತೆಗೆ ಹಿತ್ತಿಲೂ ಬರುತ್ತದೆ. ಹಿಂದಿನವರು ನೆಟ್ಟದ್ದು ಯಾವುದು, ಹಕ್ಕಿಗಳು ಬಿತ್ತಿದ್ದು ಯಾವುದು, ಕೀಳಬೇಕಾದ ಕಳೆ ಯಾವುದು, ಉಳಿಸಿಕೊಳ್ಳಬೇಕಾದ ಔಷಧಿಯ ಗಿಡ ಯಾವುದು ಎಂಬುದು ತಿಳಿಯದೆ ಕೈಯಲ್ಲಿ ಕತ್ತಿ ಹಿಡಿದು ನಿಂತವರು ನಮ್ಮ ಊರುಗಳಲ್ಲಿ ಸಾಕಷ್ಟು ಮಂದಿ. ಈಗ ಮೊಬೈಲಿನಲ್ಲಿ ಎಲೆಯ ಚಿತ್ರ ತೆಗೆದರೆ ಎರಡು ಪದಗಳ ಲ್ಯಾಟಿನ್ ಹೆಸರೊಂದು ತೆರೆಯ ಮೇಲೆ ಮೂಡುತ್ತದೆ. ಹಾಗೆ ಎರಡೇ ಪದಗಳಲ್ಲಿ ಗಿಡವನ್ನು ಕರೆಯುವ ಪದ್ಧತಿಯನ್ನು ಜಗತ್ತಿಗೆ ಒಪ್ಪಿಸಿದವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. ಆತನ ಜೀವನವನ್ನು ಸಾಮಾನ್ಯವಾಗಿ ಆತ ಬರೆದ ಗ್ರಂಥಗಳ ಮೂಲಕ ಹೇಳುವುದು ರೂಢಿ. ಆದರೆ ಆ ಗ್ರಂಥಗಳೆಲ್ಲ ಹುಟ್ಟಿದ್ದು ತೋಟಗಳಲ್ಲಿ. ಅವುಗಳಲ್ಲಿ ಒಂದು ತುಂಬಿ ತುಳುಕುತ್ತಿದ್ದ ಶ್ರೀಮಂತನ ತೋಟ, ಇನ್ನೊಂದು ನಲವತ್ತು ವರ್ಷ ಹಾಳುಬಿದ್ದಿದ್ದ ವಿಶ್ವವಿದ್ಯಾಲಯದ ತೋಟ.

ಲಿನೇಯಸ್ ಹುಟ್ಟಿದ್ದು 1707ರ ಮೇ 23ರಂದು, ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡ್ ಪ್ರಾಂತ್ಯದ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ನಿಲ್ಸ್ ಚರ್ಚಿನ ಪಾದ್ರಿ. ರೈತ ಮನೆತನದವನಾದ ಆತನಿಗೆ ಮನೆತನದ ಹೆಸರೆಂಬುದೇ ಇರಲಿಲ್ಲ. ವಿಶ್ವವಿದ್ಯಾಲಯಕ್ಕೆ ಸೇರುವಾಗ ಹೆಸರೊಂದು ಬೇಕಾಗಿ ಬಂದಾಗ, ತಮ್ಮ ಜಮೀನಿನಲ್ಲಿದ್ದ ದೊಡ್ಡದೊಂದು ಲಿಂಡನ್ ಮರದ ಹೆಸರನ್ನೇ ಲ್ಯಾಟಿನ್ನಿಗೆ ತಿರುಗಿಸಿ ಲಿನೇಯಸ್ ಎಂದು ಇಟ್ಟುಕೊಂಡ. ಮುಂದೆ ಸಾವಿರಾರು ಮರಗಿಡಗಳಿಗೆ ಹೆಸರಿಟ್ಟವನ ಮನೆತನದ ಹೆಸರು ಬಂದದ್ದೇ ಮರವೊಂದರಿಂದ.

ಸ್ಟೆನ್‌ಬ್ರೊಹುಲ್ಟಿನ ಪಾದ್ರಿಮನೆಯ ಸುತ್ತ ನಿಲ್ಸ್ ಬೆಳೆಸಿದ್ದ ತೋಟವೇ ಬಾಲಕನ ಮೊದಲ ಪಾಠಶಾಲೆ. ಚಿಕ್ಕಂದಿನಲ್ಲಿಯೇ ಆತನಿಗೆ ಅಲ್ಲೊಂದು ಸ್ವಂತ ಪಾತಿ ಸಿಕ್ಕಿತ್ತು. ಗಿಡಗಳ ಹೆಸರು ಕೇಳಿ ಮರುದಿನವೇ ಮರೆತುಬಿಡುತ್ತಿದ್ದ ಮಗನಿಗೆ ತಂದೆ ಒಂದು ಕಟ್ಟುನಿಟ್ಟು ಮಾಡಿದನಂತೆ. ಹೇಳಿದ ಹೆಸರನ್ನು ನೆನಪಿಟ್ಟುಕೊಂಡರೆ ಮಾತ್ರ ಮುಂದಿನ ಹೆಸರು. ಮರೆತರೆ ಇನ್ನು ಹೇಳುವುದಿಲ್ಲ. ಅಂದಿನಿಂದ ಹುಡುಗ ಹೆಸರುಗಳಿಗೆ ಕಟ್ಟುಬಿದ್ದ. ಶಾಲೆಯ ಪಾಠಗಳಲ್ಲಿ ಮಾತ್ರ ಹಿಂದುಳಿದ. ಪಾದ್ರಿಯಾಗಲು ಲಾಯಕ್ಕಿಲ್ಲವೆಂದು ಉಪಾಧ್ಯಾಯರು ಹೇಳಿದಾಗ, ತಂದೆ ಆತನನ್ನು ಚಮ್ಮಾರಿಕೆಗೋ ದರ್ಜಿಯ ಕೆಲಸಕ್ಕೋ ಹಚ್ಚಲು ಯೋಚಿಸಿದ್ದೂ ಉಂಟು. ಯೊಹಾನ್ ರಾಥ್‌ಮನ್ ಎಂಬ ವೈದ್ಯ-ಉಪಾಧ್ಯಾಯ ನಡುವೆ ಬಂದು, ಹುಡುಗ ಒಳ್ಳೆಯ ವೈದ್ಯನಾಗಬಲ್ಲ ಎಂದು ತಂದೆಯನ್ನು ಒಪ್ಪಿಸಿದ. ಆ ಕಾಲದಲ್ಲಿ ವೈದ್ಯನಿಗೆ ಗಿಡಮೂಲಿಕೆಗಳ ಜ್ಞಾನ ಅನಿವಾರ್ಯವಾಗಿತ್ತು.

ಲುಂಡ್‌ನಲ್ಲಿ ಒಂದು ವರ್ಷ ಓದಿ, 1728ರಲ್ಲಿ ಲಿನೇಯಸ್ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಬಂದ. ಕೈಯಲ್ಲಿ ಹಣವಿರಲಿಲ್ಲ. ತೂತುಬಿದ್ದ ಬೂಟಿನೊಳಗೆ ಕಾಗದ ತುರುಕಿಕೊಂಡು ನಡೆಯುತ್ತಿದ್ದನೆಂದು ಆತನೇ ನೆನಪಿಸಿಕೊಂಡಿದ್ದಾನೆ. ಅಲ್ಲಿದ್ದ ಸಸ್ಯೋದ್ಯಾನದ ಸ್ಥಿತಿಯೂ ಅವನ ಬೂಟಿಗಿಂತ ಉತ್ತಮವಾಗಿರಲಿಲ್ಲ. 1655ರಲ್ಲಿ ಹಿರಿಯ ಊಲೋಫ್ ರುಡ್‌ಬೆಕ್ ಸ್ಥಾಪಿಸಿದ್ದ ಆ ತೋಟ ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು. 1702ರಲ್ಲಿ ಇಡೀ ಪಟ್ಟಣವನ್ನೇ ಸುಟ್ಟ ಬೆಂಕಿಯ ನಂತರ ಅದನ್ನು ಕೇಳುವವರಿರಲಿಲ್ಲ. ಹಿಂದೆ ಬೆಳೆಸಿದ ಗಿಡಗಳೂ ತಾವಾಗಿ ಹುಟ್ಟಿದ ಕಳೆಗಳೂ ಒಂದಾಗಿ ಬೆಳೆದಿದ್ದವು.

1729ರ ವಸಂತದಲ್ಲಿ ಆ ತೋಟದಲ್ಲಿ ಕುಳಿತು ಹೂವೊಂದನ್ನು ಪರೀಕ್ಷಿಸುತ್ತಿದ್ದ ಬಡ ವಿದ್ಯಾರ್ಥಿಯನ್ನು ಹಿರಿಯ ಪ್ರಾಧ್ಯಾಪಕರೊಬ್ಬರು ಮಾತಾಡಿಸಿದರು. ಅವರು ಊಲೋಫ್ ಸೆಲ್ಸಿಯಸ್, ಉಷ್ಣಮಾಪಕದ ಸೆಲ್ಸಿಯಸ್‌ನ ಚಿಕ್ಕಪ್ಪ. ಸುತ್ತಲಿದ್ದ ಗಿಡಗಳ ಹೆಸರುಗಳನ್ನು ಕೇಳುತ್ತ ಹೋದರು. ಹುಡುಗ ತಡವರಿಸದೆ ಹೇಳುತ್ತ ಹೋದ. ಬೈಬಲ್ಲಿನಲ್ಲಿ ಬರುವ ಸಸ್ಯಗಳ ಬಗ್ಗೆ ಗ್ರಂಥ ಬರೆಯುತ್ತಿದ್ದ ಸೆಲ್ಸಿಯಸ್ ಆತನನ್ನು ಮನೆಗೆ ಕರೆದೊಯ್ದು ಊಟ, ವಸತಿ, ಗ್ರಂಥಾಲಯ ಎಲ್ಲವನ್ನೂ ಒದಗಿಸಿದರು. ಮರುವರ್ಷ ಅದೇ ಹಾಳು ತೋಟದಲ್ಲಿ ನಿಂತು ಪಾಠ ಹೇಳುವ ಕೆಲಸ ಇಪ್ಪತ್ತಮೂರರ ಲಿನೇಯಸ್‌ಗೆ ಸಿಕ್ಕಿತು. ಕೇಳಲು ನೂರಾರು ಮಂದಿ ಬರುತ್ತಿದ್ದರು.

ಅಷ್ಟು ಜನ ಬರಲು ಕಾರಣವಿತ್ತು. ಗುರುತಿಲ್ಲದ ಗಿಡವೊಂದರ ಮುಂದೆ ನಿಂತವನಿಗೆ ಎಲ್ಲಿಂದ ಆರಂಭಿಸಬೇಕು ಎಂಬುದೇ ಅಂದಿನ ದೊಡ್ಡ ತೊಡಕು. ಎಲೆಯಿಂದಲೋ, ಬೇರಿನಿಂದಲೋ, ವಾಸನೆಯಿಂದಲೋ, ಗುಣವಾಗುವ ರೋಗದಿಂದಲೋ? ಒಬ್ಬೊಬ್ಬ ಪಂಡಿತನದು ಒಂದೊಂದು ದಾರಿ. ಲಿನೇಯಸ್ ಹೂವನ್ನು ಬಿಡಿಸಿ ಕೇಸರಗಳನ್ನು ಎಣಿಸಲು ಹೇಳಿದ. ಎಷ್ಟಿವೆ, ಎಷ್ಟೆಷ್ಟು ಉದ್ದ, ಬಿಡಿಯಾಗಿವೆಯೋ ಕೂಡಿಕೊಂಡಿವೆಯೋ ಎಂಬುದನ್ನು ನೋಡಿದರೆ ಗಿಡ ಇಪ್ಪತ್ನಾಲ್ಕು ವರ್ಗಗಳಲ್ಲಿ ಒಂದರೊಳಗೆ ಕೂರುತ್ತದೆ. ನಮ್ಮ ತುಳಸಿಯ ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ನಾಲ್ಕು ಕೇಸರಗಳು ಕಾಣುತ್ತವೆ. ಎರಡು ಉದ್ದ, ಎರಡು ಗಿಡ್ಡ. ಅದಕ್ಕೊಂದು ವರ್ಗ. ದಾಸವಾಳದಲ್ಲಿ ಕೇಸರಗಳೆಲ್ಲ ಕೂಡಿ ಒಂದೇ ಕೊಳವೆಯಾಗಿ ನಡುವಿನ ಶಲಾಕೆಯನ್ನು ಸುತ್ತಿಕೊಂಡಿವೆ. ಅದಕ್ಕೆ ಬೇರೊಂದು ವರ್ಗ. ಹತ್ತರವರೆಗೆ ಎಣಿಸಲು ಬಲ್ಲ ಯಾರೂ ಈ ಪರೀಕ್ಷೆ ಮಾಡಬಹುದಿತ್ತು. ಇದು ಕೃತಕ ವಿಂಗಡಣೆ ಎಂಬುದು ಲಿನೇಯಸ್‌ಗೂ ಗೊತ್ತಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲದ ಗಿಡಗಳು ಕೇಸರಗಳ ಸಂಖ್ಯೆ ಒಂದೇ ಎಂಬ ಕಾರಣಕ್ಕೆ ಜತೆಯಾಗುತ್ತಿದ್ದವು. ಮುಂದಿನ ಶತಮಾನದಲ್ಲಿ ವಿಜ್ಞಾನ ಅದನ್ನು ಕೈಬಿಟ್ಟಿತು. ಆದರೆ ಗುರುತು ಹಚ್ಚುವ ಸಾಧನವಾಗಿ ಅದಕ್ಕೆ ಆಗ ಸಾಟಿ ಇರಲಿಲ್ಲ.

1732ರಲ್ಲಿ ಆತ ಉತ್ತರದ ಲ್ಯಾಪ್‌ಲ್ಯಾಂಡಿಗೆ ಒಬ್ಬನೇ ಹೋಗಿಬಂದ. ಆ ಪ್ರವಾಸವೇ ಬೇರೊಂದು ಲೇಖನವಾದೀತು. ನಮ್ಮ ಕಥೆಗೆ ಮುಖ್ಯವಾದದ್ದು 1735ರ ಜನವರಿ. ಫಾಲುನ್ ಎಂಬ ಗಣಿಪಟ್ಟಣದಲ್ಲಿ ವೈದ್ಯ ಮೊರೇಯಸ್‌ನ ಮಗಳು ಸಾರಾ ಲೀಸಾಳನ್ನು ಆತ ಮೆಚ್ಚಿದ. ಹಣವಂತನಾದ ತಂದೆ ಒಪ್ಪಿದ, ಆದರೆ ಷರತ್ತಿನ ಮೇಲೆ: ಮೊದಲು ವೈದ್ಯಕೀಯ ಪದವಿ, ಮೂರು ವರ್ಷಗಳ ನಂತರ ಮದುವೆ. ಪದವಿಗಾಗಿ ಹಾಲೆಂಡಿಗೆ ಹೊರಟವನು ದಾರಿಯಲ್ಲಿ ಹ್ಯಾಂಬರ್ಗಿನಲ್ಲಿ ಏಳು ತಲೆಯ ಸರ್ಪವೊಂದನ್ನು ನೋಡಿದ. ಊರಿಗೇ ಹೆಮ್ಮೆಯಾಗಿದ್ದ ಆ ವಸ್ತು ಮುಂಗಸಿಯಂಥ ಪ್ರಾಣಿಗಳ ದವಡೆಗೆ ಹಾವಿನ ಚರ್ಮ ಅಂಟಿಸಿ ಮಾಡಿದ ಮೋಸ ಎಂದು ಬಹಿರಂಗವಾಗಿ ಹೇಳಿಬಿಟ್ಟ. ಅದನ್ನು ಮಾರಿ ದುಡ್ಡು ಮಾಡುವ ಆಸೆಯಲ್ಲಿದ್ದವರ ಕೋಪಕ್ಕೆ ಹೆದರಿ ಊರು ಬಿಡಬೇಕಾಯಿತು. ಬಾಯಿ ಬಿಗಿಹಿಡಿಯುವ ಗುಣ ಆತನಿಗೆ ಎಂದೂ ಇರಲಿಲ್ಲ.

ಹಾರ್ಡರ್‌ವೈಕ್ ಎಂಬ ಪುಟ್ಟ ವಿಶ್ವವಿದ್ಯಾಲಯದಲ್ಲಿ ಎರಡು ವಾರದೊಳಗೆ ಪದವಿ ಮುಗಿಯಿತು. ಅದೇ ವರ್ಷ ಲೈಡನ್ನಿನಲ್ಲಿ ಆತನ 'ಸಿಸ್ಟಮಾ ನ್ಯಾಚುರೇ' ಅಚ್ಚಾಯಿತು. ದೊಡ್ಡ ಅಳತೆಯ ಕೆಲವೇ ಹಾಳೆಗಳಲ್ಲಿ ಇಡೀ ನಿಸರ್ಗದ ವಿಂಗಡಣೆ. ಹಣ ಮುಗಿಯುತ್ತ ಬಂದಿದ್ದ ಆ ಹೊತ್ತಿನಲ್ಲಿ ಭೇಟಿಯಾದವನೇ ಜಾರ್ಜ್ ಕ್ಲಿಫರ್ಡ್.

ಕ್ಲಿಫರ್ಡ್ ಆಮ್‌ಸ್ಟರ್‌ಡ್ಯಾಮಿನ ಬ್ಯಾಂಕರ್, ಡಚ್ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಲ್ಲಿ ಒಬ್ಬ. ಹಾರ್ಲೆಮ್ ಸಮೀಪದ ಹಾರ್ಟೆಕ್ಯಾಂಪ್ ಎಂಬಲ್ಲಿ ಆತನ ತೋಟದ ಬಂಗಲೆ. ಅಲ್ಲಿ ನಾಲ್ಕು ಗಾಜಿನ ಮನೆಗಳು: ದಕ್ಷಿಣ ಯೂರೋಪಿಗೊಂದು, ಏಷ್ಯಾಕ್ಕೊಂದು, ಆಫ್ರಿಕಾಕ್ಕೊಂದು, ಅಮೆರಿಕಾಕ್ಕೊಂದು. ಕಂಪನಿಯ ಹಡಗುಗಳು ಸಿಲೋನ್, ಜಾವಾ, ಮಲಬಾರ್, ಗುಡ್‌ಹೋಪ್ ಭೂಶಿರಗಳಿಂದ ಬೀಜ, ಗಡ್ಡೆ, ಸಸಿಗಳನ್ನು ತಂದು ಸುರಿಯುತ್ತಿದ್ದವು. ಮಾಲೀಕನಿಗೆ ಹಣವಿತ್ತು, ಗಿಡಗಳಿದ್ದವು, ತೋಟಗಾರರಿದ್ದರು. ಏನೇನಿದೆ ಎಂದು ಹೇಳಬಲ್ಲವರು ಮಾತ್ರ ಇರಲಿಲ್ಲ. ತಾನು ನೋಡಿಯೇ ಇರದ ಭಾರತದ ಗಿಡಗಳನ್ನು ಕೂಡ ಈ ಸ್ವೀಡಿಷ್ ಯುವಕ ಹೂ ಬಿಡಿಸಿ ನೋಡಿ ಇಂಥ ಗುಂಪಿಗೆ ಸೇರಿದ್ದೆಂದು ಹೇಳಬಲ್ಲ ಎಂಬುದನ್ನು ಕಂಡು ಕ್ಲಿಫರ್ಡ್ ಬೆರಗಾದ. ಆದರೆ ಲಿನೇಯಸ್ ಆಗಲೇ ಸಸ್ಯಶಾಸ್ತ್ರಜ್ಞ ಬರ್ಮನ್‌ನ ಅತಿಥಿಯಾಗಿದ್ದ. ಬರ್ಮನ್ ಬಹುದಿನಗಳಿಂದ ಆಸೆಪಟ್ಟಿದ್ದ ಅಪರೂಪದ ಪುಸ್ತಕವೊಂದು, ಹ್ಯಾನ್ಸ್ ಸ್ಲೋನ್ ಬರೆದ ಜಮೈಕಾದ ನಿಸರ್ಗ ಚರಿತ್ರೆಯ ಎರಡನೆಯ ಸಂಪುಟ, ಕ್ಲಿಫರ್ಡ್‌ನ ಬಳಿ ಎರಡು ಪ್ರತಿ ಇತ್ತು. ಒಂದು ಪ್ರತಿ ಬರ್ಮನ್‌ಗೆ ಹೋಯಿತು, ಅತಿಥಿ ಕ್ಲಿಫರ್ಡ್‌ನ ಪಾಲಾದ. ವರ್ಷಕ್ಕೆ 1000 ಫ್ಲಾರಿನ್ ಸಂಬಳ, ಊಟ-ವಸತಿ ಬೇರೆ.

1735ರ ಸೆಪ್ಟೆಂಬರ್ 24ರಂದು ಆತ ಹಾರ್ಟೆಕ್ಯಾಂಪಿಗೆ ಬಂದ. ಕೆಲವೇ ದಿನಗಳಲ್ಲಿ ದುಃಖದ ಸುದ್ದಿ ಕಾದಿತ್ತು. ಉಪ್ಸಾಲಾ ದಿನಗಳ ಜೀವದ ಗೆಳೆಯ ಪೀಟರ್ ಆರ್ಟೆಡಿ ರಾತ್ರಿ ಕತ್ತಲಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಲುವೆಗೆ ಬಿದ್ದು ಸತ್ತಿದ್ದ. ಮೀನುಗಳ ಅಧ್ಯಯನದಲ್ಲಿ ತೊಡಗಿದ್ದ ಆತನೂ ಲಿನೇಯಸ್‌ನೂ, ಒಬ್ಬ ಸತ್ತರೆ ಇನ್ನೊಬ್ಬ ಅವನ ಕೆಲಸ ಮುಗಿಸಬೇಕೆಂದು ಮಾತು ಕೊಟ್ಟುಕೊಂಡಿದ್ದರು. ಹಸ್ತಪ್ರತಿ ಬಾಡಿಗೆ ಮನೆಯವನ ವಶದಲ್ಲಿತ್ತು. ಬಾಕಿ ತೀರಿಸಿ ಅದನ್ನು ಬಿಡಿಸಿಕೊಟ್ಟವನು ಕ್ಲಿಫರ್ಡ್. 1738ರಲ್ಲಿ ಲಿನೇಯಸ್ ಅದನ್ನು ಗೆಳೆಯನ ಹೆಸರಿನಲ್ಲಿಯೇ ಅಚ್ಚು ಹಾಕಿಸಿದ.

ಹಾರ್ಟೆಕ್ಯಾಂಪಿನ ಗಾಜಿನ ಮನೆಯಲ್ಲಿ ಬಾಳೆಗಿಡವೊಂದಿತ್ತು. ನಮ್ಮಲ್ಲಿ ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ತಾನಾಗಿ ಗೊನೆ ಹಾಕುವ ಬಾಳೆಗೆ ಯೂರೋಪಿನಲ್ಲಿ ಹೂ ಬಿಡಿಸುವುದು ಪವಾಡವೇ ಆಗಿತ್ತು. ಬಿಸಿಲನಾಡಿನ ಋತುಮಾನವನ್ನು ಲಿನೇಯಸ್ ಗಾಜಿನ ಮನೆಯೊಳಗೆ ಅನುಕರಿಸಿದ. ಫಲವತ್ತಾದ ಮಣ್ಣಿನಲ್ಲಿ ನೆಟ್ಟು, ಕೆಲವು ವಾರ ನೀರು ಕೊಡದೆ ಒಣಗಿಸಿ, ಆಮೇಲೆ ಮುಂಗಾರು ಬಂದಂತೆ ಧಾರಾಳವಾಗಿ ನೀರು ಹಾಯಿಸಿದ. 1736ರ ಆರಂಭದಲ್ಲಿ ಬಾಳೆ ಹೂಬಿಟ್ಟಿತು. ಜನ ನೋಡಲು ಬಂದರು. ಲಿನೇಯಸ್ ಆ ಒಂದು ಗಿಡದ ಮೇಲೆಯೇ ಪುಸ್ತಕ ಬರೆದ. ಬೈಬಲ್ಲಿನ ನಿಷಿದ್ಧ ಫಲ ಬಾಳೆಯೇ ಇರಬಹುದೆಂಬ ಊಹೆ ಆತನಿಗೆ ಹಿಡಿಸಿತ್ತು. ಬಾಳೆಗೆ ಮುಂದೆ ಆತ ಇಟ್ಟ ಮ್ಯೂಸಾ ಪ್ಯಾರಡಿಸಿಯಾಕಾ ಎಂಬ ಹೆಸರಿನಲ್ಲಿ ಸ್ವರ್ಗದ ಪ್ರಸ್ತಾಪ ಬಂದದ್ದು ಹಾಗೆ.

ತೋಟದ ಜೀವಂತ ಗಿಡಗಳು, ಕ್ಲಿಫರ್ಡ್‌ನ ಬಳಿ ಒಣಗಿಸಿ ಇಟ್ಟಿದ್ದ ಹಾಳೆಗಳು, ಹಳೆಯ ಗ್ರಂಥಗಳು, ಈ ಮೂರನ್ನೂ ಎದುರಿಟ್ಟುಕೊಂಡು 1737ರಲ್ಲಿ ಒಂಬತ್ತೇ ತಿಂಗಳಲ್ಲಿ 'ಹಾರ್ಟಸ್ ಕ್ಲಿಫರ್ಟಿಯಾನಸ್' ಎಂಬ ಬೃಹತ್ ಗ್ರಂಥ ಸಿದ್ಧವಾಯಿತು. ಎರಡು ಸಾವಿರಕ್ಕೂ ಹೆಚ್ಚು ಗಿಡಗಳು ಅದರಲ್ಲಿವೆ. ಪ್ರತಿಯೊಂದಕ್ಕೂ ಹಿಂದಿನ ಪಂಡಿತರು ಯಾವ ಯಾವ ಹೆಸರಿನಿಂದ ಕರೆದಿದ್ದರು ಎಂಬುದನ್ನು ಕೂಡಿಸಿ ಕೊಡಲಾಗಿದೆ. ಸಸ್ಯ ಗುರುತಿಸುವ ಕೆಲಸದಲ್ಲಿ ನಿಜವಾದ ಶ್ರಮ ಇರುವುದು ಇಲ್ಲಿಯೇ. ಒಂದೇ ಗಿಡಕ್ಕೆ ಹತ್ತು ಹೆಸರು, ಒಂದೇ ಹೆಸರಿಗೆ ಮೂರು ಗಿಡ. ಅದನ್ನು ಬಿಡಿಸದೆ ಹೊಸ ಹೆಸರಿಟ್ಟರೆ ಗೊಂದಲ ಹೆಚ್ಚುತ್ತದೆಯಷ್ಟೇ. ಗ್ರಂಥದ ಚಿತ್ರಗಳನ್ನು ಬರೆದವರಲ್ಲಿ ಎಹ್ರೆಟ್ ಎಂಬ ಮಹಾನ್ ಕಲಾವಿದನಿದ್ದ. ಆ ಹಾಳೆಗಳು ಇಂದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ.

ಏಷ್ಯಾದ ಗಿಡಗಳನ್ನು ಗುರುತಿಸಲು ಲಿನೇಯಸ್ ಮತ್ತೆ ಮತ್ತೆ ತೆರೆಯುತ್ತಿದ್ದ ಗ್ರಂಥ 'ಹಾರ್ಟಸ್ ಮಲಬಾರಿಕಸ್'. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ಈ ಹನ್ನೆರಡು ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಅದರೊಳಗಿನ ತಿಳಿವಳಿಕೆ ಇಟ್ಟಿ ಅಚ್ಯುದನ್ ಎಂಬ ಮಲಯಾಳಿ ವೈದ್ಯನದು, ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಬ್ರಾಹ್ಮಣರದು. ಅವರು ಹೇಳಿ ಬರೆಸಿದ ಸ್ಥಳೀಯ ಹೆಸರುಗಳನ್ನು ರೀಡ್ ಹಾಗೆಯೇ ಉಳಿಸಿಕೊಂಡ. ಲಿನೇಯಸ್ ಉಳಿಸಿಕೊಳ್ಳಲಿಲ್ಲ. ಗ್ರೀಕ್ ಮತ್ತು ಲ್ಯಾಟಿನ್ ಮೂಲದ್ದಲ್ಲದ ಹೆಸರುಗಳು ವಿಜ್ಞಾನಕ್ಕೆ ತಕ್ಕವಲ್ಲ ಎಂಬುದು ಆತನ ನಿಲುವು. ಗಿಡವನ್ನು ತಲೆತಲಾಂತರದಿಂದ ಬಲ್ಲವರ ಹೆಸರು ಅಡಿಟಿಪ್ಪಣಿಗೆ ಹೋಯಿತು, ಅದನ್ನು ಕಾಣದ ಯೂರೋಪಿನ ಪ್ರಾಧ್ಯಾಪಕನ ಹೆಸರು ಗಿಡಕ್ಕೆ ಅಂಟಿತು. ಇದೊಂದು ನಷ್ಟವೇ. ಆದರೂ ಕೆಲವು ನುಸುಳಿ ಉಳಿದವು. ಕರಾವಳಿಯ ಅಡುಗೆಮನೆಯ ಬಸಳೆ ಇಂದಿಗೂ ಸಸ್ಯಶಾಸ್ತ್ರದಲ್ಲಿ ಬೆಸೆಲ್ಲಾ. ಅದರ ಮಲಯಾಳಂ ಹೆಸರೇ ರೀಡ್‌ನ ಮೂಲಕ ಲಿನೇಯಸ್‌ಗೆ ತಲುಪಿತ್ತು. ಅಡಿಕೆಯ ಸೋದರ ಪದವೇ ಅರೆಕಾ.

ವ್ಯಕ್ತಿಗಳ ಹೆಸರನ್ನು ಗಿಡಗಳಿಗೆ ಇಡುವುದರಲ್ಲಿ ಲಿನೇಯಸ್‌ಗೆ ಪ್ರೀತಿಯೂ ಇತ್ತು, ಕಿಡಿಗೇಡಿತನವೂ ಇತ್ತು. ನಮ್ಮ ತೋಟಗಳ ತೇವದ ನೆಲದಲ್ಲಿ ಹಬ್ಬುವ ನೀಲಿ ಹೂವಿನ ಕಳೆ ಕೊಮೆಲೈನಾ. ಅದರ ಹೂವಿನಲ್ಲಿ ಎರಡು ಎಸಳು ಎದ್ದು ಕಾಣುತ್ತವೆ, ಮೂರನೆಯದು ಲೆಕ್ಕಕ್ಕಿಲ್ಲ. ಕೊಮೆಲಿನ್ ಮನೆತನದ ಇಬ್ಬರು ಹೆಸರಾಂತ ಸಸ್ಯಶಾಸ್ತ್ರಜ್ಞರಾದರು, ಮೂರನೆಯವನು ಏನೂ ಸಾಧಿಸದೆ ತೀರಿಕೊಂಡ. ಹೆಸರು ಅದಕ್ಕೇ ಒಪ್ಪುತ್ತದೆ ಎಂದು ಆತ ವಿವರಿಸಿದ. ಹೂಗಳ ಗಂಡು-ಹೆಣ್ಣಿನ ಮಾತು ಅಶ್ಲೀಲವೆಂದು ಹರಿಹಾಯ್ದ ಸೀಗೆಸ್‌ಬೆಕ್ ಎಂಬ ವಿಮರ್ಶಕನ ಹೆಸರು ಒಂದು ಅಂಟುಗಳೆಯ ಪಾಲಾಗಿ ಶಾಶ್ವತವಾಯಿತು.

ಕೆಲಸದ ಹೊರೆಯಿಂದ ದಣಿದ ಲಿನೇಯಸ್ 1737ರ ಅಕ್ಟೋಬರಿನಲ್ಲಿ ಹಾರ್ಟೆಕ್ಯಾಂಪ್ ಬಿಟ್ಟ. ಕಾಯಿಲೆ ಬಿದ್ದು, ಚೇತರಿಸಿಕೊಂಡು, ಪ್ಯಾರಿಸ್ ನೋಡಿಕೊಂಡು ಸ್ವದೇಶಕ್ಕೆ ಮರಳಿದ್ದು 1738ರಲ್ಲಿ. ಅಷ್ಟರಲ್ಲಿ ಅವಧಿ ಮೀರಿತ್ತು. ಗೆಳೆಯನೊಬ್ಬ ಸಾರಾ ಲೀಸಾಳ ಮನಸ್ಸನ್ನು ಒಲಿಸಿಕೊಳ್ಳಲು ಯತ್ನಿಸುತ್ತಿದ್ದ ಸುದ್ದಿಯೂ ಬಂದಿತ್ತು. ಆಕೆ ಕಾದಿದ್ದಳು. 1739ರ ಜೂನ್‌ನಲ್ಲಿ ಮದುವೆಯಾಯಿತು. ಸ್ಟಾಕ್‌ಹೋಮಿನಲ್ಲಿ ಕೆಲಕಾಲ ವೈದ್ಯಕೀಯ ನಡೆಸಿದ ಬಳಿಕ 1741ರಲ್ಲಿ ಉಪ್ಸಾಲಾದ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಅದರೊಂದಿಗೆ ಅದೇ ಹಾಳು ತೋಟವೂ ಕೈಗೆ ಬಂತು.

ಈ ಬಾರಿ ಆತನಿಗೆ ಅಧಿಕಾರವಿತ್ತು, ಅನುಭವವಿತ್ತು. ಹಾರ್ಟೆಕ್ಯಾಂಪಿನ ತೋಟಗಾರ ಡೀಟ್ರಿಕ್ ನೀಟ್ಸೆಲ್‌ನನ್ನು ಉಪ್ಸಾಲಾಕ್ಕೆ ಕರೆಸಿಕೊಳ್ಳಲಾಗಿತ್ತು. ವಾಸ್ತುಶಿಲ್ಪಿ ಹೋರ್ಲೆಮನ್ ನಕ್ಷೆ ಬರೆದ. ಚಳಿಗಾಲದಲ್ಲಿ ಗಿಡಗಳನ್ನು ಕಾಪಾಡಲು ಬೆಚ್ಚನೆಯ ಕಟ್ಟಡವೊಂದು 1743ರ ವೇಳೆಗೆ ಎದ್ದಿತು. ಅದೇ ವರ್ಷ ಲಿನೇಯಸ್ ಕುಟುಂಬಸಮೇತ ತೋಟದ ಮೂಲೆಯ ಮನೆಗೆ ಬಂದು ನೆಲೆಸಿದ. ಪಾತಿಗಳನ್ನು ತನ್ನ ಇಪ್ಪತ್ನಾಲ್ಕು ವರ್ಗಗಳ ಪ್ರಕಾರ ಹಾಕಿಸಿದ. ತೋಟದಲ್ಲಿ ನಡೆದರೆ ಪುಸ್ತಕದ ಪುಟ ತಿರುವಿದಂತೆ. ಕಂಬಗಳ ಮೇಲಿನ ಪುಟ್ಟ ಗೂಡುಗಳಲ್ಲಿ ಕೋತಿಗಳೂ ಇದ್ದವು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರ ಸುತ್ತಲ ಹೊಲ-ಕಾಡುಗಳಿಗೆ ಹೋಗಿ, ಸಂಜೆ ಕಹಳೆ ಡೋಲುಗಳ ಸದ್ದಿನೊಂದಿಗೆ ಮೆರವಣಿಗೆಯಲ್ಲಿ ಮರಳುವುದು ವಾಡಿಕೆಯಾಯಿತು. ಶಿಸ್ತಿನ ಹಿರಿಯರಿಗೆ ಇದು ಹಿಡಿಸಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಎರಡು ಪದಗಳ ಹೆಸರು ಹುಟ್ಟಿದ್ದು ಈ ಹಂತದಲ್ಲಿ. ಅಲ್ಲಿಯವರೆಗೆ ಗಿಡದ ಶಾಸ್ತ್ರೀಯ ಹೆಸರೆಂದರೆ ಒಂದು ಸಾಲಿನಷ್ಟು ಉದ್ದದ ಲ್ಯಾಟಿನ್ ವರ್ಣನೆ. ಹೊಸ ಪ್ರಭೇದವೊಂದು ಪತ್ತೆಯಾದರೆ ಹಳೆಯದರ ವರ್ಣನೆಗೂ ಎರಡು ಪದ ಸೇರಿಸಬೇಕು. ಚಿಕ್ಕ ಹೆಸರುಗಳನ್ನು ಆತ ವ್ಯಾಪಕವಾಗಿ ಬಳಸಿದ ಮೊದಲ ಕೃತಿಗಳಲ್ಲೊಂದು 1749ರ ಒಂದು ಮೇವಿನ ಪಟ್ಟಿ. ಹಸು, ಆಡು, ಕುರಿ, ಕುದುರೆ, ಹಂದಿಗಳು ಯಾವ ಗಿಡ ತಿನ್ನುತ್ತವೆ, ಯಾವುದನ್ನು ಬಿಡುತ್ತವೆ ಎಂಬ ಆ ಅಧ್ಯಯನದಲ್ಲಿ ಉದ್ದುದ್ದ ಹೆಸರು ಬರೆಯಲು ಸ್ಥಳವಿರಲಿಲ್ಲ. 1753ರ 'ಸ್ಪೀಶೀಸ್ ಪ್ಲಾಂಟಾರಮ್' ಗ್ರಂಥದಲ್ಲಿ ಸುಮಾರು 5900 ಪ್ರಭೇದಗಳಿಗೆ ಇಂಥ ಹೆಸರನ್ನು ಅಂಚಿನಲ್ಲಿ ಅಚ್ಚು ಹಾಕಿಸಿದ. ಅಂಚಿನ ಆ ಸಹಾಯಕ ಪದಗಳೇ ನಿಂತವು, ಉದ್ದದ ಹೆಸರುಗಳು ಮರೆತುಹೋದವು. ಅಶ್ವತ್ಥ, ಆಲ, ಮಾವು, ಹುಣಸೆ, ಶ್ರೀಗಂಧ, ಕಾಳುಮೆಣಸು, ತೆಂಗು ಎಲ್ಲವೂ ಆ ಪಟ್ಟಿಯಲ್ಲಿವೆ. ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಲ್ಯಾಟಿನ್ ಹೆಸರಿನ ಕೊನೆಗೆ ಎಲ್ ಎಂಬ ಒಂಟಿ ಅಕ್ಷರ ಕಂಡರೆ ಅದು ಲಿನೇಯಸ್‌ನ ಗುರುತು.

ಸಸ್ಯಗಳನ್ನು ವಿಂಗಡಿಸಿದ ಕೈ ಮನುಷ್ಯರನ್ನೂ ಖಂಡ ಮತ್ತು ಬಣ್ಣಗಳ ಪ್ರಕಾರ ವಿಂಗಡಿಸಿ, 1758ರ ಆವೃತ್ತಿಯಲ್ಲಿ ಒಂದೊಂದು ಗುಂಪಿಗೆ ಒಂದೊಂದು ಸ್ವಭಾವವನ್ನೂ ಹಚ್ಚಿತು. ಅದರ ದುಷ್ಫಲ ದೀರ್ಘಕಾಲದ್ದು. ದೂರದೇಶಗಳಿಗೆ ಗಿಡ ತರಲು ಹೋದ ಆತನ 17 ಮಂದಿ ಶಿಷ್ಯರಲ್ಲಿ 7 ಮಂದಿ ಮರಳಲೇ ಇಲ್ಲ. ಮೊದಲು ಹೋಗಿ ಸತ್ತ ಟರ್ನ್‌ಸ್ಟ್ರೋಮ್‌ನ ಹೆಂಡತಿ ಲಿನೇಯಸ್‌ನನ್ನೇ ದೂರಿದಳು. ಆ ಬಳಿಕ ಆತ ಅವಿವಾಹಿತರನ್ನು ಮಾತ್ರ ಕಳುಹಿಸತೊಡಗಿದ.

ಭಾರತಕ್ಕೆ ಬಂದ ಶಿಷ್ಯ ಯೋಹಾನ್ ಕೋನಿಗ್. 1768ರಲ್ಲಿ ತರಂಗಂಬಾಡಿಗೆ ವೈದ್ಯನಾಗಿ ಬಂದು, 1785ರಲ್ಲಿ ಕಾಕಿನಾಡ ಬಳಿ ತೀರಿಕೊಂಡ ಆತನ ಹೆಸರು ನಮ್ಮ ದಿನನಿತ್ಯದ ಒಗ್ಗರಣೆಯಲ್ಲಿದೆ: ಕರಿಬೇವಿಗೆ 1771ರಲ್ಲಿ ಲಿನೇಯಸ್ ಇಟ್ಟ ಹೆಸರಿನ ಎರಡನೆಯ ಪದ ಕೋನಿಗಿಯೈ. ಕೋನಿಗ್‌ನಿಂದ ಪ್ರೇರಣೆ ಪಡೆದವನು ವಿಲಿಯಂ ರಾಕ್ಸ್‌ಬರ್ಗ್. ಸಾಮಲ್‌ಕೋಟದಲ್ಲಿ ರಾಕ್ಸ್‌ಬರ್ಗ್ ಬಿಟ್ಟ ಕೆಲಸಕ್ಕೆ ಬಂದವನು ಬೆಂಜಮಿನ್ ಹೇನ್. ಟಿಪ್ಪು ಸುಲ್ತಾನನ ಪತನದ ನಂತರ ಕಂಪನಿಯ ವಶವಾದ ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು ನೋಡಿಕೊಳ್ಳುವ ಹೊಣೆ ಬಂದದ್ದು ಇದೇ ಹೇನ್‌ಗೆ.

1758ರಲ್ಲಿ ಲಿನೇಯಸ್ ಉಪ್ಸಾಲಾದ ಹೊರಗೆ ಹಮ್ಮರ್‌ಬಿ ಎಂಬ ಜಮೀನು ಕೊಂಡ. 1766ರಲ್ಲಿ ಪಟ್ಟಣಕ್ಕೆ ಮತ್ತೆ ಬೆಂಕಿ ಬಿದ್ದಾಗ, ಸಂಗ್ರಹಗಳನ್ನು ಉಳಿಸಲು ಅಲ್ಲಿನ ಗುಡ್ಡದ ಮೇಲೆ ಕಲ್ಲಿನ ಕಟ್ಟಡ ಕಟ್ಟಿಸಿದ. ಸೈಬೀರಿಯಾದಿಂದ ಹೂಗಿಡವೊಂದರ ಬೀಜ ತರಿಸಿ ಬಿತ್ತಿದರೆ ಮೊಳೆತದ್ದು ಬೇರೆಯೇ ಗಿಡ. ಕೊರಿಡಾಲಿಸ್ ನೋಬಿಲಿಸ್ ಎಂಬ ಆ ಹಳದಿ ಹೂವಿನ ಗಿಡ ಅಂದಿನಿಂದ ಯಾರೂ ಬಿತ್ತದೆ ಹಮ್ಮರ್‌ಬಿಯಲ್ಲಿ ಪ್ರತಿ ವಸಂತದಲ್ಲಿಯೂ ಹರಡಿ ಅರಳುತ್ತಿದೆ. 1774ರಲ್ಲಿ ಆತನಿಗೆ ಪಾರ್ಶ್ವವಾಯು ತಗುಲಿತು. ಕೊನೆಗೆ ತನ್ನದೇ ಪುಸ್ತಕ ತಿರುವಿ, ಇಂಥದ್ದನ್ನು ತಾನು ಬರೆದಿದ್ದರೆ ಎಷ್ಟು ಚೆನ್ನಾಗಿತ್ತೆಂದು ಹಂಬಲಿಸುತ್ತಿದ್ದನಂತೆ. ಸ್ವಂತ ಹೆಸರೂ ನೆನಪಿಗೆ ಬರುತ್ತಿರಲಿಲ್ಲ ಎನ್ನುತ್ತಾರೆ. 1778ರ ಜನವರಿ 10ರಂದು ತೀರಿಕೊಂಡ ಆತನ ಸಮಾಧಿ ಉಪ್ಸಾಲಾದ ಪ್ರಧಾನ ಚರ್ಚಿನಲ್ಲಿದೆ. ಹುದ್ದೆಗೆ ಬಂದ ಮಗನೂ ಐದು ವರ್ಷಗಳಲ್ಲಿ ಸತ್ತ. ಸಾರಾ ಲೀಸಾ ಸಂಗ್ರಹವನ್ನೆಲ್ಲ 1784ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಂಗ್ಲಿಷ್ ಯುವಕನಿಗೆ ಸಾವಿರ ಗಿನಿಗಳಿಗೆ ಮಾರಿದಳು. ಅದು ಈಗಲೂ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿದೆ.

1787ರಲ್ಲಿ ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವ್ ಅರಮನೆಯ ಆವರಣವನ್ನು ಹೊಸ ಸಸ್ಯೋದ್ಯಾನಕ್ಕೆ ಕೊಟ್ಟ. ಗಿಡಗಳು ಅಲ್ಲಿಗೆ ಹೋದವು, ಲಿನೇಯಸ್‌ನ ತೋಟ ಎರಡನೆಯ ಸಲ ಹಾಳುಬಿತ್ತು. ಸ್ವೀಡನ್ನಿನ ಲಿನೇಯಸ್ ಸಂಘ 1917ರಲ್ಲಿ ಸ್ಥಾಪನೆಯಾಗಿ ಅದರ ಪುನರುಜ್ಜೀವನಕ್ಕೆ ಕೈಹಾಕಿತು. ಎಲ್ಲಿ ಯಾವ ಗಿಡವಿತ್ತು ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಆದರೆ 1740ರ ದಶಕದಲ್ಲಿ ಆತ ಅಚ್ಚು ಹಾಕಿಸಿದ್ದ ತೋಟದ ನಕ್ಷೆ ಮತ್ತು ಗಿಡಗಳ ಪಟ್ಟಿ ಉಳಿದಿದ್ದವು. ಅವುಗಳನ್ನು ಹಿಡಿದು ಪಾತಿಗಳನ್ನು ಮತ್ತೆ ಅಗೆಯಲಾಯಿತು. ಈಗ ಅಲ್ಲಿ ಬೆಳೆಯುವ ಸುಮಾರು 1300 ಬಗೆಯ ಗಿಡಗಳೆಲ್ಲವೂ ಆತನ ಕಾಲದಲ್ಲಿ ಅಲ್ಲಿದ್ದಂಥವೇ.